ಸ್ಕೀಮ್ ಭಾಷೆಯ ‘ಸ್ವತಂತ್ರ’ ಕಡತಗಳು: ಒಂದು ವಿಮರ್ಶೆ

ಗಣಕಶಾಸ್ತ್ರದ ಕೈಪಿಡಿಗಳನ್ನು ಓದುವವರಿಗೆ ‘ಸ್ವತಂತ್ರ ಕಡತ’ ಎಂಬ ಮಾತು ಹೊಸದಲ್ಲ. ಒಂದು ಭಾಷೆಯಲ್ಲಿ ಬರೆದ ಕ್ರಮವಿಧಿಯನ್ನು, ಎಂದರೆ ಪ್ರೋಗ್ರಾಮನ್ನು, ಯಂತ್ರದ ನುಡಿಗೆ ಇಳಿಸಿ, ಆ ಭಾಷೆಯ ಸುಳಿವೇ ಇಲ್ಲದ ಬೇರೊಂದು ಗಣಕದಲ್ಲಿಯೂ ತಾನಾಗಿಯೇ ನಡೆಯುವಂತೆ ಸಿದ್ಧಪಡಿಸಿದ ಕಡತಕ್ಕೆ ಈ ಹೆಸರು. ಸ್ಕೀಮ್ ಭಾಷೆಗೆ ಇಂಥ ಕಡತಗಳನ್ನು ಕಟ್ಟಿಕೊಡುವ ಅನುವಾದಕಗಳು, ಎಂದರೆ ಕಂಪೈಲರುಗಳು, ಹಲವುಂಟು. ಅವುಗಳ ಕಡತಗಳಿಗೆ ಸಲ್ಲುವ ಸ್ವಾತಂತ್ರ್ಯ ಎಂಥದು, ಯಾವುದರಿಂದ ಪಡೆದದ್ದು, ಎಷ್ಟು ದೂರದವರೆಗೆ ನಿಲ್ಲುವಂಥದು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಕಡತ ನಡೆಯಿತೇ ಎಂಬುದು ಎರಡನೆಯ ಪ್ರಶ್ನೆ. ಕ್ರಮವಿಧಿಯ ಅರ್ಥ ಕಡತದೊಡನೆ ಪ್ರಯಾಣ ಮಾಡಿತೇ ಎಂಬುದು ಮೊದಲನೆಯದು. ಎರಡನೆಯದನ್ನು ಎಲ್ಲರೂ ಕೇಳುತ್ತಾರೆ. ಮೊದಲನೆಯದನ್ನು ಕೇಳುವವರು ವಿರಳ.

ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಪಾಠ ಹೇಳುವವರಿಗೆ ಇದು ಕೇವಲ ಪಂಡಿತರ ವಿವಾದವಾಗಿ ಉಳಿಯುವುದಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಕಬ್ಬು ಬತ್ತ ಬೆಳೆಯುವ ಮನೆಗಳವರು. ಅವರಿಗೆ ಕ್ರಮವಿಧಿರಚನೆಯನ್ನು ಕಲಿಸಲು ಜಮೀನಿನ ಪಾಲುಪಟ್ಟಿಗಿಂತ ಹತ್ತಿರದ ಉದಾಹರಣೆ ನಮಗೆ ದೊರೆಯಲಿಲ್ಲ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ; 2 ಎಕರೆ 7 ಗುಂಟೆಯನ್ನು ನಾಲ್ವರಿಗೆ ಹಂಚಬೇಕು. ಸ್ಕೀಮ್ ಭಾಷೆಯಲ್ಲಿ (/ 87 4) ಎಂದು ಬರೆದರೆ ಉತ್ತರ 87/4 ಎಂಬ ಶುದ್ಧ ಭಿನ್ನರಾಶಿಯಾಗಿಯೇ ಬರುತ್ತದೆ. ಅದನ್ನು ಬಿಡಿಸಿದರೆ ತಲೆಗೆ 21 ಗುಂಟೆ 12 ಆಣೆ. ಒಂದು ಎಕರೆಯನ್ನು ಮೂವರಿಗೆ ಹಂಚಿದರೆ 40/3, ಅಂದರೆ 13 ಗುಂಟೆ 5 ಆಣೆ, ಮೇಲೆ ಆಣೆಯಲ್ಲಿ ಮೂರನೆಯ ಒಂದು ಭಾಗ. ಎಲ್ಲಿಯೂ ಚೂರು ಕಳೆದುಹೋಗುವುದಿಲ್ಲ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳೊಡನೆ ಸಮಪಾಲು ಎಂದು 2005ರ ತಿದ್ದುಪಡಿ ನಿಶ್ಚಯಿಸಿದ ಮೇಲೆ ಭಾಜಕಗಳು ದೊಡ್ಡವಾಗುತ್ತಿವೆ, ಭಿನ್ನರಾಶಿಗಳು ಜಟಿಲವಾಗುತ್ತಿವೆ. ಈ ಗುಣದ ಬೆಲೆ ಅಷ್ಟಷ್ಟೂ ಹೆಚ್ಚುತ್ತಿದೆ. ಹಂಚಿದ ಪಾಲುಗಳನ್ನೆಲ್ಲ ಮರಳಿ ಕೂಡಿ, ಮೂಲದೊಡನೆ ತಾಳೆನೋಡುವ ಒಂದು ಭಾಗವನ್ನೂ ನಾವು ಆ ಕ್ರಮವಿಧಿಗೆ ಸೇರಿಸಿದ್ದೆವು. ತಾಳೆಯಾಗದಿದ್ದಲ್ಲಿ ಪಟ್ಟಿಯನ್ನು ತಡೆಹಿಡಿಯಬೇಕೆಂದು ಅದಕ್ಕೆ ಅಪ್ಪಣೆ. ಮುಂದೆ ನಡೆದುದೆಲ್ಲ ಈ ತಾಳೆಯ ಕಥೆ.

ಅದಕ್ಕೆ ಮೊದಲು ಪೂರ್ವಕಥೆ ಅಗತ್ಯ. ನಮ್ಮಲ್ಲಿ ಗಮಕವಾಚನ ನಡೆಯುವ ರೀತಿಯನ್ನು ವಾಚಕರು ನೆನೆಯಬೇಕು. ಗಮಕಿ ಒಂದು ಪದ್ಯವನ್ನು ಹಾಡುತ್ತಾನೆ. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರ ಅದರ ಅರ್ಥವನ್ನು ಹೇಳುತ್ತಾನೆ. ಆಮೇಲೆ ಮುಂದಿನ ಪದ್ಯ. ವ್ಯಾಖ್ಯಾನಕಾರ ಬಾರದ ದಿನ ಸಭೆಯಲ್ಲಿ ಅರ್ಧ ಜನಕ್ಕೆ ಕಥೆ ಕೈಗೆ ಹತ್ತುವುದಿಲ್ಲ. ಸ್ಕೀಮ್ ಹುಟ್ಟಿದ್ದು ಹೀಗೆ ವ್ಯಾಖ್ಯಾನಕಾರನೊಡನೆಯೇ. 1975ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಜೆರಾಲ್ಡ್ ಸಸ್ಮನ್ ಮತ್ತು ಗೈ ಸ್ಟೀಲ್ ಇವರು ಆ ಭಾಷೆಯನ್ನು ಮೊದಲು ವರ್ಣಿಸಿದ ಲೇಖನ, ಅದರ ವಾಕ್ಯಗಳನ್ನು ಒಂದೊಂದಾಗಿ ಓದಿ ಅರ್ಥೈಸಿ ನಡೆಸುವ ಇಂಟರ್‌ಪ್ರಿಟರಿನ ವರ್ಣನೆಯೇ ಆಗಿತ್ತು. ಮೂರು ವರ್ಷಗಳಲ್ಲಿ, 1978ರಲ್ಲಿ, ಸ್ಟೀಲ್ ತಮ್ಮ ಸ್ನಾತಕೋತ್ತರ ಪ್ರಬಂಧವಾಗಿ ರ್‍ಯಾಬಿಟ್ ಎಂಬ ಅನುವಾದಕವನ್ನು ರಚಿಸಿದರು. ಈ ರ್‍ಯಾಬಿಟ್ ಯಂತ್ರಭಾಷೆಗೆ ನೇರವಾಗಿ ಇಳಿಸುತ್ತಿರಲಿಲ್ಲ. ಸ್ಕೀಮನ್ನು ಮ್ಯಾಕ್‌ಲಿಸ್ಪ್ ಎಂಬ ಸೋದರಭಾಷೆಗೆ ತಿರುಗಿಸಿ, ಉಳಿದ ದಾರಿಯನ್ನು ಮ್ಯಾಕ್‌ಲಿಸ್ಪಿನ ಅನುವಾದಕಕ್ಕೆ ಬಿಡುತ್ತಿತ್ತು. ನಡುವೆ ಒಂದು ಭಾಷೆಯನ್ನು ಇಟ್ಟುಕೊಳ್ಳುವ ಈ ಉಪಾಯವನ್ನು ಮುಂದಿನವರು ಹಲವರು ಹಿಡಿದರು. ಮ್ಯಾಕ್‌ಲಿಸ್ಪಿನ ಸ್ಥಾನಕ್ಕೆ ಸಿ ಭಾಷೆ ಬಂದಿತು. ಫ್ರಾನ್ಸಿನ ಮ್ಯಾನ್ಯುಯೆಲ್ ಸೆರಾನೊ ಅವರ ಬಿಗ್ಲೂ, ಮಾಂಟ್ರಿಯಲ್ಲಿನ ಮಾರ್ಕ್ ಫೀಲಿ ಅವರ ಗ್ಯಾಂಬಿಟ್, 2000ದಲ್ಲಿ ಫೆಲಿಕ್ಸ್ ವಿಂಕೆಲ್ಮನ್ ಹೊರತಂದ ಚಿಕನ್, ಇವೆಲ್ಲ ಈ ದಾರಿಯವು.

ಸಿ ಭಾಷೆಗೆ ಇಳಿಸುವುದೆಂದರೆ ಸಿಯ ವೇಗವೂ ಸಿಯ ಸರಳತೆಯೂ ತಾನಾಗಿ ಬಂದುಬಿಡುತ್ತವೆಂದು ನಂಬುವವರುಂಟು. ಈ ನಂಬಿಕೆಗೆ ಆಧಾರ ಕಡಿಮೆ. ಸ್ಕೀಮಿನಲ್ಲಿ ಒಂದು ಕಾರ್ಯ ತನ್ನ ಕೊನೆಯ ಕೆಲಸವಾಗಿ ಇನ್ನೊಂದು ಕಾರ್ಯವನ್ನು ಕರೆದರೆ, ಆ ಕರೆಗಾಗಿ ಹೊಸ ಸ್ಥಳವನ್ನು ವೆಚ್ಚಮಾಡಕೂಡದೆಂಬುದು ಭಾಷೆಯ ನಿಯಮ. ಕೋಟಿ ಸಲ ಕರೆದರೂ ಸ್ಮೃತಿ ತುಂಬಬಾರದು. ಸಿ ಭಾಷೆ ಇಂಥ ಭರವಸೆಯನ್ನು ಕೊಡುವುದಿಲ್ಲ. ಈ ತೊಡಕಿಗೆ ಹೆನ್ರಿ ಬೇಕರ್ 1994ರಲ್ಲಿ ಸೂಚಿಸಿದ ಪರಿಹಾರ ಎಷ್ಟು ವಿಚಿತ್ರವೋ ಅಷ್ಟೇ ಸುಂದರವಾದುದು. ಸಿಯ ಕಾರ್ಯಗಳು ಎಂದೂ ಹಿಂದಿರುಗದಿರಲಿ, ಮುಂದೆ ಮುಂದೆ ಕರೆಯುತ್ತಲೇ ಹೋಗಲಿ. ಕರೆಗಳ ರಾಶಿ ತುಂಬಿದಾಗ ಇನ್ನೂ ಬೇಕಾದ ಸಾಮಗ್ರಿಯನ್ನಷ್ಟೇ ಬೇರೆಡೆಗೆ ಸಾಗಿಸಿ, ಉಳಿದುದನ್ನು ಒಂದೇ ಏಟಿಗೆ ಗುಡಿಸಿಬಿಡಲಿ ಎಂದು ಅವರ ವಾದ. ಬಾಸ್ಟನ್ ನಗರದ ಹಳೆಯ ಹಾಡೊಂದರಲ್ಲಿ ಕೈಯಲ್ಲಿ ಕಾಸಿಲ್ಲದೆ ರೈಲಿನಿಂದ ಇಳಿಯಲಾರದೆ ಸುತ್ತುತ್ತಲೇ ಇರುವ ಚಾರ್ಲಿಯ ಹೆಸರನ್ನು ತಿರುಚಿ ಆ ಲೇಖನಕ್ಕೆ ಹೆಸರಿಟ್ಟಿದ್ದಾರೆ. ಮದ್ದೂರಿನಲ್ಲಿ ವಡೆಗೆಂದು ಇಳಿದವನು ಓಡಿಬಂದು ಮತ್ತೆ ರೈಲು ಹತ್ತಬಲ್ಲ. ಚಾರ್ಲಿಗೆ ಇಳಿಯುವ ನಿಲ್ದಾಣವೇ ಇಲ್ಲ. ಚಿಕನ್ ಅನುವಾದಕ ಈ ತತ್ತ್ವದ ಮೇಲೆಯೇ ನಿಂತಿದೆ. ಅದು ಹುಟ್ಟಿಸುವ ಸಿ ಪಠ್ಯವನ್ನು ಬಿಚ್ಚಿ ಓದಿದರೆ ಮನುಷ್ಯ ಬರೆದ ಸಿಯ ಹೋಲಿಕೆ ಅದರಲ್ಲಿ ಬಹುಮಟ್ಟಿಗೆ ಕಾಣದು. ಅದು ಸಿಯ ವೇಷ ತೊಟ್ಟ ಸ್ಕೀಮ್.

ಆದುದರಿಂದ ಅನುವಾದವಾದ ಮಾತ್ರಕ್ಕೆ ಕ್ರಮವಿಧಿ ಒಂಟಿಯಾಗಿ ಹೊರಡುವುದಿಲ್ಲ. ಅದರೊಡನೆ ಒಂದು ಬುತ್ತಿ ಹೊರಡಬೇಕು. ಬೇಡವಾದ ಸ್ಮೃತಿಯನ್ನು ಗುಡಿಸುವ ಕಸಗಾರ, ದೊಡ್ಡ ಸಂಖ್ಯೆಗಳ ಮತ್ತು ಭಿನ್ನರಾಶಿಗಳ ಗಣಿತ, ಹೆಸರುಗಳ ಕೋಶ, ಓದುವ ಬರೆಯುವ ಉಪಕರಣ ಇವೆಲ್ಲ ಆ ಬುತ್ತಿಯಲ್ಲಿರತಕ್ಕವು. ಬುತ್ತಿಯಲ್ಲಿ ಕಟ್ಟದೆ ಬಿಟ್ಟದ್ದನ್ನು ಹೋದ ಮನೆಯಲ್ಲಿ ಬೇಡಬೇಕು. ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಆರಂಭವಾದಾಗ ಅಲ್ಲಿಂದ ತಂತಿಯ ಮೇಲೆ ಹರಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ನಡೆಸಿತು. ಗಣಿಯಲ್ಲಿ ನಿಂತು ನೋಡುವವನಿಗೆ ಯಂತ್ರ ತಾನೇ ನಡೆಯುವಂತೆ ಕಂಡಿರಬೇಕು. ಮಳವಳ್ಳಿ ಸೀಮೆಯವನಿಗೆ ಸತ್ಯ ಗೊತ್ತಿತ್ತು. ಗಣಕದಲ್ಲಿ ಹಂಚಿಕೆಯ ಗ್ರಂಥಾಲಯ, ಎಂದರೆ ಲೈಬ್ರರಿ, ಈ ತಂತಿಯಂಥದು. ಕಡತ ತನ್ನೊಳಗೆ ಅದನ್ನು ಇಟ್ಟುಕೊಳ್ಳದೆ, ನಡೆಯುವ ಹೊತ್ತಿಗೆ ಆತಿಥೇಯ ಯಂತ್ರದಿಂದ ಎಳೆದುಕೊಳ್ಳುತ್ತದೆ. ತಂತಿ ಇದ್ದಷ್ಟು ಕಾಲ ಸ್ವಾತಂತ್ರ್ಯ.

ನಮ್ಮ ಪಾಲುಪಟ್ಟಿಯ ಕಡತವನ್ನು ಮಂಡ್ಯದಲ್ಲಿ ಹೊಸ ಲಿನಕ್ಸ್ ಯಂತ್ರವೊಂದರ ಮೇಲೆ ಚಿಕನ್ನಿನ ಐದನೆಯ ಆವೃತ್ತಿಯಿಂದ ಕಟ್ಟಿದೆವು. ಗ್ರಂಥಾಲಯವನ್ನು ಒಳಗೇ ಬೆಸೆಯಬೇಕೆಂಬ ಸೂಚನೆಯನ್ನೂ ಕೊಟ್ಟೆವು. ಮಂಡ್ಯದಲ್ಲಿ ಅದು ನಿರ್ದುಷ್ಟವಾಗಿ ನಡೆಯಿತು. ಅದನ್ನೇ ಮದ್ದೂರಿಗೆ ಒಯ್ದು, ಹಲವು ವರ್ಷ ಹಳೆಯದಾದ ಲಿನಕ್ಸ್ ಇದ್ದ ಯಂತ್ರದಲ್ಲಿ ತೆರೆಯಲು ಹೋದರೆ ಬಾಗಿಲಲ್ಲೇ ತಡೆ. ಕಡತ ಬೇಡುವ ಜಿ-ಲಿಬ್‌ಸಿಯ ಆವೃತ್ತಿ ಇಲ್ಲಿ ಇಲ್ಲವೆಂದು ಯಂತ್ರ ಹೇಳಿತು. ಕಾರಣವಿಷ್ಟೆ: ನಾವು ಕೊಟ್ಟ ಸೂಚನೆ ಚಿಕನ್ನಿನ ಗ್ರಂಥಾಲಯವನ್ನು ಒಳಗೆ ಸೇರಿಸಿತ್ತೇ ಹೊರತು ಸಿ ಭಾಷೆಯ ಮೂಲ ಗ್ರಂಥಾಲಯವನ್ನು ಹೊರಗೇ ಬಿಟ್ಟಿತ್ತು. ಅದನ್ನೂ ಬೆಸೆಯಬೇಕಾದರೆ ಬೆಸುಗೆಗಾರನಿಗೆ, ಅಂದರೆ ಲಿಂಕರಿಗೆ, ಪ್ರತ್ಯೇಕವಾಗಿ ಹೇಳಬೇಕು. ಇಲ್ಲವೆ ಇಂಥ ಬೆಸುಗೆಗೆ ಅನುಕೂಲವಾಗುವಂತೆ ರಚಿತವಾಗಿ 2011ರಲ್ಲಿ ಹೊರಬಂದ ಮಸಲ್ ಎಂಬ ಗ್ರಂಥಾಲಯವನ್ನು ಆಶ್ರಯಿಸಬೇಕು. ಮೂರನೆಯ ದಾರಿ ಹಳ್ಳಿಯವರು ಬಲ್ಲಂಥದು: ಇರುವುದರಲ್ಲಿ ಹಳೆಯ ಯಂತ್ರದ ಮೇಲೆಯೇ ಕಡತವನ್ನು ಕಟ್ಟುವುದು. ಜಿ-ಲಿಬ್‌ಸಿ ಹಳೆಯ ಕಡತಗಳನ್ನು ಹೊಸ ಮನೆಯಲ್ಲಿ ಆದರಿಸುತ್ತದೆ; ಹೊಸ ಕಡತಗಳನ್ನು ಹಳೆಯ ಮನೆಯಲ್ಲಿ ಆದರಿಸದು.

ಈ ಮೂರನೆಯ ದಾರಿಯನ್ನೇ ನಾವು ಹಿಡಿದೆವು, ತಪ್ಪಿದ್ದು ಅಲ್ಲಿಯೇ. ಮದ್ದೂರಿನ ಆ ಯಂತ್ರದಲ್ಲಿ ಅದರ ವಿತರಣೆಯೊಡನೆ ಬಂದಿದ್ದ ಚಿಕನ್ನಿನ ನಾಲ್ಕನೆಯ ಆವೃತ್ತಿ ಇದ್ದಿತು. ಒಂದಕ್ಷರವನ್ನೂ ಬದಲಿಸದೆ ಅದೇ ಪಠ್ಯವನ್ನು ಅದರಿಂದ ಅನುವಾದಿಸಿದೆವು. ದೋಷಸೂಚನೆ ಒಂದೂ ಬರಲಿಲ್ಲ. ಕಡತ ನಡೆಯಿತು, ಮಂಡ್ಯದ ಯಂತ್ರದಲ್ಲಿಯೂ ನಡೆಯಿತು. ಕೈಪಿಡಿಯ ಅರ್ಥದಲ್ಲಿ ಸ್ವಾತಂತ್ರ್ಯ ಸಿದ್ಧಿಸಿತ್ತು. ಆಮೇಲೆ ವಿದ್ಯಾರ್ಥಿಯೊಬ್ಬನು ಹತ್ತು ಪಾಲಿನ ಜಮೀನೊಂದರ ಲೆಕ್ಕವನ್ನು ಅದಕ್ಕೆ ಒಡ್ಡಿದನು. ತನ್ನದೊಂದು ಪಾಲು, ಇಬ್ಬರು ಒಡಹುಟ್ಟಿದವರಿಂದ ಬಂದ ಎರಡು ಪಾಲು, ಒಟ್ಟು ಹತ್ತರಲ್ಲಿ ಮೂರು. ಹತ್ತನೆಯ ಒಂದನ್ನು ಮೂರು ಸಲ ಕೂಡಿದರೆ ಹತ್ತನೆಯ ಮೂರಾಗಬೇಕಷ್ಟೆ. ತಾಳೆಯಾಗಲಿಲ್ಲವೆಂದು ಕ್ರಮವಿಧಿ ಪಟ್ಟಿಯನ್ನು ತಡೆಹಿಡಿಯಿತು.

ಚಿಕನ್ನಿನ ನಾಲ್ಕನೆಯ ಆವೃತ್ತಿಯ ಮೂಲದಲ್ಲಿ ಭಿನ್ನರಾಶಿಗಳ ಗಣಿತವಿಲ್ಲ. ಬೇಕಾದವರು ಅದನ್ನು ಬೇರೆಯ ಸಂಪುಟವಾಗಿ ತಂದು ಸೇರಿಸಿಕೊಳ್ಳಬೇಕಾಗಿತ್ತು. ಸಂಖ್ಯೆಗಳ ಪೂರ್ಣಶ್ರೇಣಿ ಮೂಲದಲ್ಲಿಯೇ ನೆಲೆಗೊಂಡದ್ದು 2018ರ ಐದನೆಯ ಆವೃತ್ತಿಯಲ್ಲಿ. ಹಳೆಯದರಲ್ಲಿ 1ನ್ನು 10ರಿಂದ ಭಾಗಿಸಿದರೆ ಬರುವುದು ದಶಮಾಂಶದ ಅಂದಾಜು. ಎರಡನ್ನೇ ಆಧಾರವಾಗಿ ಎಣಿಸುವ ಯಂತ್ರದಲ್ಲಿ ಹತ್ತನೆಯ ಒಂದು ಎಂಬುದನ್ನು ಪೂರ್ಣವಾಗಿ ಬರೆಯಲು ಬರುವುದೇ ಇಲ್ಲ. ಅಂಥ ಮೂರು ಅಂದಾಜುಗಳ ಮೊತ್ತ 0.30000000000000004, ಚುಕ್ಕೆಯ ಮುಂದೆ 17ನೆಯ ಸ್ಥಾನದಲ್ಲಿ ಒಂದು ನಾಲ್ಕು. ಭೂಮಿಯ ಮೇಲೆ ಅಳೆದರೆ ಅದು ಮಣ್ಣಿನ ಕಣಕ್ಕೂ ಸಮನಲ್ಲ. ಆದರೆ ಸಮವೇ ಅಲ್ಲವೇ ಎಂದು ಕೇಳಿದಾಗ ಯಂತ್ರ ಅಲ್ಲವೆನ್ನುತ್ತದೆ. ಪಾಲುಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತ ಅಣ್ಣತಮ್ಮಂದಿರಿಗೆ ‘ತಾಳೆಯಾಗಲಿಲ್ಲ’ ಎಂಬ ಒಂದು ಮಾತು ಸಾಕು. ಗಣಕ ಹೇಳಿದ್ದೆಂಬ ಗೌರವ ಬೇರೆ ಅದಕ್ಕೆ ಸೇರುತ್ತದೆ.

ಇಲ್ಲಿ ದೋಷ ಯಾರದು? ಚಿಕನ್ನಿನ ಕರ್ತೃಗಳದೆಂದು ನಾವು ಹೇಳಲಾರೆವು. ಸ್ಕೀಮಿನ ಪ್ರಮಾಣಗ್ರಂಥವೇ ಸಂಖ್ಯಾಶ್ರೇಣಿಯ ಒಂದು ಭಾಗವನ್ನಷ್ಟೇ ಅಳವಡಿಸಿಕೊಳ್ಳಲು ಅನುಮತಿ ಕೊಡುತ್ತದೆ. 1998ರ ಐದನೆಯ ಪರಿಷ್ಕರಣದಲ್ಲಿಯೂ ಆ ಅನುಮತಿ ಇದೆ, 2013ರ ಏಳನೆಯದರಲ್ಲಿಯೂ ಇದೆ. ನಿಯಮವನ್ನು ಮೀರಿದವರಿಲ್ಲ. ಆದರೂ ಒಂದೇ ಪಠ್ಯಕ್ಕೆ ಎರಡು ಅರ್ಥಗಳಾದುವು, ಅವೆರಡೂ ಶಾಸ್ತ್ರಸಮ್ಮತವಾದುವು. ಪ್ರಮಾಣಗ್ರಂಥದ ಈ ಔದಾರ್ಯ ಸಂಶೋಧಕರಿಗೆ ಅನುಕೂಲವಾಗಿರಬಹುದು. ಬಳಸುವವನ ದೃಷ್ಟಿಯಿಂದ ಅದು ಅಪಾಯಕರವೆಂದೇ ನಮ್ಮ ನಿಲುವು. ವ್ಯಾಖ್ಯಾನಕಾರನ ಎದುರು ಕುಳಿತು (/ 1 10) ಎಂದು ಕೇಳಿದ್ದರೆ 0.1 ಎಂಬ ಉತ್ತರ ಕಣ್ಣಿಗೆ ಬಿದ್ದು, ಇಲ್ಲಿ ಭಿನ್ನರಾಶಿಯಿಲ್ಲವೆಂದು ಯಾರಿಗಾದರೂ ಹೊಳೆಯುತ್ತಿತ್ತು. ಕಟ್ಟಿದ ಕಡತದಲ್ಲಿ ಕೇಳುವ ಅವಕಾಶವೇ ಇಲ್ಲ.

ಕೇಳುವ ಅವಕಾಶದ ಮಾತು ಬಂದುದರಿಂದ ‘ಇವ್ಯಾಲ್’ ಎಂಬ ಕಾರ್ಯವನ್ನು ವಿಚಾರಿಸಬೇಕು. ಕ್ರಮವಿಧಿ ನಡೆಯುತ್ತಿರುವಾಗಲೇ ಹೊಸದಾಗಿ ಕೊಟ್ಟ ಸ್ಕೀಮ್ ವಾಕ್ಯವನ್ನು ಅರ್ಥೈಸಿ ನಡೆಸುವ ಶಕ್ತಿ ಇದು. ಪಾಲಿನ ಸೂತ್ರವನ್ನು ಬಳಸುವವನೇ ಬರೆದುಕೊಡಲೆಂದು ನಾವು ಬಯಸಿದರೆ ಇದು ಬೇಕೇಬೇಕು. ಇದಿದ್ದಲ್ಲಿ ಇಡೀ ವ್ಯಾಖ್ಯಾನಕಾರನು ಬುತ್ತಿಯೊಳಗೆ ಕುಳಿತು ಬರಬೇಕಾಗುತ್ತದೆ. ಅವನನ್ನು ಮನೆಯಲ್ಲಿ ಬಿಟ್ಟುಹೋಗಲೆಂದೇ ಅನುವಾದಕ್ಕೆ ಹೊರಟವರು ಅವನನ್ನೇ ಹೊತ್ತು ನಡೆಯುವ ವಿನೋದ ಇದು. ಚಿಕನ್, ಗ್ಯಾಂಬಿಟ್‌ಗಳು ಹಾಗೆ ಹೊರುತ್ತವೆ. ಕೆಂಟ್ ಡಿಬ್‌ವಿಗ್ 1980ರ ದಶಕದಲ್ಲಿ ಆರಂಭಿಸಿ, 2016ರಲ್ಲಿ ಸಿಸ್ಕೊ ಸಂಸ್ಥೆ ಮುಕ್ತವಾಗಿ ಬಿಡುಗಡೆ ಮಾಡಿದ ಶೇ ಸ್ಕೀಮ್ ಇನ್ನೂ ಮುಂದೆ ಹೋಗಿ, ಬೇಕೆಂದರೆ ಅನುವಾದಕವನ್ನೇ ಹೊತ್ತುಕೊಳ್ಳಬಲ್ಲದು. ಇದಕ್ಕೆ ತೀರ ವಿರುದ್ಧವಾದುದು ಜೆಫ್ರಿ ಸಿಸ್ಕಿಂಡ್ ಅವರ ಸ್ಟಾಲಿನ್. ಅದು ಕ್ರಮವಿಧಿಯ ಸಮಗ್ರವನ್ನೂ ಒಮ್ಮೆಗೇ ಪರಿಶೀಲಿಸಿ, ಬಳಕೆಯಾಗದ್ದನ್ನೆಲ್ಲ ಕಿತ್ತೆಸೆದು, ಚಿಕ್ಕದಾದ, ವೇಗವಾದ ಕಡತವನ್ನು ಕೊಡುತ್ತದೆ. ಅನುವಾದಕ್ಕೆ ಹಿಡಿಯುವ ಕಾಲ ಮಾತ್ರ ತಾಳ್ಮೆಯನ್ನು ಪರೀಕ್ಷಿಸುವಂಥದು. ಅದರಲ್ಲಿ ಇವ್ಯಾಲ್ ಇಲ್ಲ, ಭಿನ್ನರಾಶಿಯೂ ಇಲ್ಲ. ಹಗುರಾದ ಬುತ್ತಿಯನ್ನು ಮೆಚ್ಚುವ ಲೇಖಕರು ಅದನ್ನು ಹೊಗಳುತ್ತ ಬಂದಿದ್ದಾರೆ. ಬುತ್ತಿ ಹಗುರಾದುದು ಅನ್ನವನ್ನು ಬಿಟ್ಟುದರಿಂದ ಎಂಬುದನ್ನೂ ಅವರು ಹೇಳಬೇಕಿತ್ತು.

ಮಳವಳ್ಳಿಯ ಯಂತ್ರ ವಿಂಡೋಸಿನದು. ಅಲ್ಲಿ ಲಿನಕ್ಸಿನ ಕಡತಕ್ಕೆ ಪ್ರವೇಶವೇ ಇಲ್ಲ. ಕಡತದ ವಿನ್ಯಾಸವೇ ಬೇರೆ, ಯಂತ್ರದೊಡನೆ ಮಾತಾಡುವ ರೀತಿಯೇ ಬೇರೆ. ಅಲ್ಲಿಗೆ ರ್‍ಯಾಕೆಟ್ಟನ್ನು ಆರಿಸಿದೆವು. ಪಿ.ಎಲ್.ಟಿ. ಸ್ಕೀಮ್ ಎಂದು ಹೆಸರಾಗಿದ್ದು 2010ರಲ್ಲಿ ಹೊಸ ಹೆಸರು ತಳೆದ ಈ ಭಾಷೆ, 2021ರ ಎಂಟನೆಯ ಆವೃತ್ತಿಯಿಂದೀಚೆಗೆ ಶೇ ಸ್ಕೀಮಿನ ಅಡಿಪಾಯದ ಮೇಲೆ ನಿಂತಿದೆ. ಇದರ ಕಟ್ಟುವ ಸಾಧನ ಮಾಡುವ ಕೆಲಸವನ್ನು ಅನುವಾದವೆನ್ನುವುದಕ್ಕಿಂತ ಮೂಟೆ ಕಟ್ಟುವುದೆನ್ನುವುದು ಸರಿ. ಅನುವಾದಿತ ಭಾಗಗಳನ್ನೂ ನಡೆಸುವ ಯಂತ್ರವನ್ನೂ ಒಂದೇ ಕಡತದಲ್ಲಿ ಇಟ್ಟು, ಉಳಿದ ಹಂಚಿಕೆಯ ಗ್ರಂಥಾಲಯಗಳನ್ನು ಇನ್ನೊಂದು ಆಜ್ಞೆಯಿಂದ ಒಂದು ಕೋಶದಲ್ಲಿ ಸಂಗ್ರಹಿಸಿಕೊಡುತ್ತದೆ. ಕೆಲವೇ ಸಾಲುಗಳ ಕ್ರಮವಿಧಿಗೆ ಹತ್ತಾರು ಮೆಗಾಬೈಟುಗಳ ಮೂಟೆ. ಇದನ್ನು ನೋಡಿ ಮೂಗು ಮುರಿಯುವವರಲ್ಲಿ ನಾವೂ ಇದ್ದೆವು. ಮಳವಳ್ಳಿಯಲ್ಲಿ ಹತ್ತನೆಯ ಒಂದನ್ನು ಮೂರು ಸಲ ಕೂಡಿದಾಗ ಹತ್ತನೆಯ ಮೂರೇ ಬಂದಿತು. ಪಟ್ಟಿ ತಡೆಯಿಲ್ಲದೆ ಹೊರಬಿದ್ದಿತು. ಅಂದಿನಿಂದ ಮೂಟೆಯ ಗಾತ್ರವನ್ನು ದೋಷವೆಂದು ಎಣಿಸುವುದನ್ನು ಬಿಟ್ಟಿದ್ದೇವೆ.

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಅದು ಎಲ್ಲ ಅನುವಾದಕಗಳಿಗೂ ಅನ್ವಯಿಸತಕ್ಕದ್ದು. ಕಟ್ಟಿದ ಕಡತವನ್ನು ಯಾರೂ ಓದಲಾರರು. ಅನುವಾದಕವೇ ಮೋಸವನ್ನು ಒಳಗೆ ಸೇರಿಸಿದರೆ ಮೂಲಪಠ್ಯವನ್ನು ಎಷ್ಟು ಓದಿದರೂ ಅದು ಕಾಣದೆಂದು ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪಾರಿತೋಷಕದ ಉಪನ್ಯಾಸದಲ್ಲಿ ತೋರಿಸಿಕೊಟ್ಟರು. ಮದ್ದೂರಿನಲ್ಲಿ ಮೋಸವಿರಲಿಲ್ಲ, ಕೇವಲ ಹಳೆಯ ಆವೃತ್ತಿಯಿತ್ತು; ಫಲ ಮಾತ್ರ ಅದೇ ಜಾತಿಯದು. ಪಠ್ಯ ಸರಿಯಾಗಿತ್ತು, ಕಡತ ಸುಳ್ಳು ಹೇಳಿತು. ಆದುದರಿಂದ ನಾವು ಈಗ ಕಡತದ ಜೊತೆಗೆ ಮೂಲಪಠ್ಯವನ್ನೂ, ಯಾವ ಅನುವಾದಕದ ಯಾವ ಆವೃತ್ತಿಯಿಂದ ಕಟ್ಟಿದ್ದೆಂಬುದನ್ನೂ ಕಳುಹಿಸುತ್ತೇವೆ. ಕ್ರಮವಿಧಿ ಆರಂಭದಲ್ಲಿಯೇ (/ 1 10) ಎಂಬುದನ್ನು ತಾನೇ ಲೆಕ್ಕಮಾಡಿ, ಉತ್ತರ ಶುದ್ಧ ಭಿನ್ನರಾಶಿಯಲ್ಲವಾದರೆ ಮುಂದುವರಿಯಲು ಒಪ್ಪದಂತೆಯೂ ತಿದ್ದಿದ್ದೇವೆ. ಮೂಲಪಠ್ಯವನ್ನು ಕನ್ನಡದ ಹೆಸರುಗಳಲ್ಲಿಯೇ ಬರೆಯಲು ಸಾಧ್ಯವೆಂಬುದು ಇಲ್ಲಿ ಒದಗಿದ ಅನುಕೂಲ. ‘ಪಾಲು’, ‘ಗುಂಟೆ’, ‘ಆಣೆ’ ಎಂಬ ಹೆಸರುಗಳನ್ನು 2007ರ ಆರನೆಯ ಪರಿಷ್ಕರಣವೇ ಒಪ್ಪುತ್ತದೆ. ‘ರಾಜ್‌ಕುಮಾರ್’ ಎಂಬಲ್ಲಿ ಒತ್ತಕ್ಷರವಾಗದಂತೆ ನಡುವೆ ನಿಲ್ಲಿಸುವ ಕಾಣದ ಗುರುತನ್ನು 2013ರ ಪರಿಷ್ಕರಣ ಹೆಸರುಗಳೊಳಗೆ ಬಿಟ್ಟುಕೊಂಡಿತು. ಹಿಂದಿ ಪಾರಸಿ ಮೊದಲಾದ ಭಾಷೆಗಳ ಬರವಣಿಗೆಗೆ ಇದು ಅಗತ್ಯವೆಂದು ಅಲ್ಲಿ ಹೇಳಿದೆ. ಕನ್ನಡಕ್ಕೂ ಅದರಿಂದ ಲಾಭವಾಯಿತು.

ತರಗತಿಯಲ್ಲಿ ಇದನ್ನು ಕಲಿಸಬಯಸುವ ಅಧ್ಯಾಪಕರು ಕೈಪಿಡಿಗಳಿಂದ ಆರಂಭಿಸದೆ, ಅಬ್ದುಲ್ ಅಜೀಜ್ ಘುಲೂಮ್ 2006ರಲ್ಲಿ ಸ್ಕೀಮ್ ಕಾರ್ಯಾಗಾರದಲ್ಲಿ ಮಂಡಿಸಿದ ಪ್ರಬಂಧದಿಂದ ಆರಂಭಿಸಬೇಕೆಂದು ನಾವು ಸೂಚಿಸುತ್ತೇವೆ. ಅನುವಾದಕರಚನೆ ಮಾಂತ್ರಿಕರ ವಿದ್ಯೆಯೆಂಬ ಭಯವನ್ನು ಹೋಗಲಾಡಿಸುವುದು ಅದರ ಉದ್ದೇಶ. ಮೊದಲ ಹೆಜ್ಜೆಯಲ್ಲಿ ಅನುವಾದಿಸುವುದು ಒಂದೇ ಒಂದು ಪೂರ್ಣಾಂಕವನ್ನು. ಅಷ್ಟರಲ್ಲಿಯೇ ತಾನೇ ನಡೆಯುವ ಪೂರ್ಣ ಕಡತ ಕೈಗೆ ಬರುತ್ತದೆ. ಮುಂದೆ ಒಂದೊಂದೇ ಅಂಶ ಸೇರುತ್ತ ಹೋಗುತ್ತದೆ, ಪ್ರತಿ ಹೆಜ್ಜೆಯಲ್ಲಿಯೂ ನಡೆಯುವ ಅನುವಾದಕವೊಂದು ಇದ್ದೇ ಇರುತ್ತದೆ. ಬುತ್ತಿಗೆ ಏನು ಯಾವಾಗ ಸೇರಿತೆಂಬುದು ವಿದ್ಯಾರ್ಥಿಯ ಕಣ್ಣೆದುರೇ ನಡೆಯುತ್ತದೆ. ನಮ್ಮ ವಿದ್ಯಾರ್ಥಿಗಳು ಈ ದಾರಿಯಲ್ಲಿ ಪೂರ್ಣಾಂಕಗಳ ಸಂಕಲನ, ವ್ಯವಕಲನ, ಗುಣಾಕಾರಗಳನ್ನು ದಾಟಿ ಭಾಗಾಕಾರದ ಬಳಿ ನಿಂತಿದ್ದಾರೆ. 87ನ್ನು 4ರಿಂದ ಭಾಗಿಸಿದಾಗ ಅವರ ಕಡತ 21 ಎನ್ನುತ್ತಿದೆ; ಉಳಿದ 12 ಆಣೆಯನ್ನು ಎಲ್ಲಿಡುವುದೆಂದು ಈಗ ಚರ್ಚೆ ನಡೆದಿದೆ.